ಚಾಕಿ ಮನೆ ಹೀಟರ್‌ಗೆ ಸಾಲಿಡ್ ಸ್ಟೇಟ್ ರಿಲೇ ಬೋರ್ಡ್: ಬಳಸಿದವರು ಹೇಳಿ

ಪ್ರಶ್ನೆ (ಶಿಡ್ಲಘಟ್ಟದ ಕಡೆಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮದೊಂದು ಸಣ್ಣ ಚಾಕಿ ಮನೆ (ಎಳೇ ರೇಷ್ಮೆ ಹುಳು ಸಾಕುವ ಕೋಣೆ) ಇದೆ. ಚಳಿಗಾಲದ ರಾತ್ರಿಗಳಲ್ಲಿ ಒಳಗೆ 27–28 ಡಿಗ್ರಿ ಉಳಿಸಿಕೊಳ್ಳುವುದೇ ಕಷ್ಟ. ಅದಕ್ಕೆ ಇಎಸ್‌ಪಿ32 (ಪ್ರೋಗ್ರಾಂ ಹಾಕಿ ಓಡಿಸುವ ಪುಟ್ಟ ಕಂಪ್ಯೂಟರ್ ಬೋರ್ಡ್) ಮತ್ತು ನಾಲ್ಕು ಚಾನೆಲ್‌ನ ಸಾಲಿಡ್ ಸ್ಟೇಟ್ ರಿಲೇ (ಒಳಗೆ ಆಡುವ ಭಾಗವಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್) ಬೋರ್ಡ್ ತಂದಿದ್ದೇನೆ. ರಿಲೇ ಮೇಲೆ ಜಿ3ಎಂಬಿ-202ಪಿ ಅಂತ ಬರೆದಿದೆ. 1000 ವ್ಯಾಟ್ ಹೀಟರ್, ಎಕ್ಸಾಸ್ಟ್ ಫ್ಯಾನ್, 9 ವ್ಯಾಟ್ ಎಲ್‌ಇಡಿ ಬಲ್ಬ್, ನೀರು ಸಿಂಪಡಿಸುವ 12 ವೋಲ್ಟ್ ಡಿಸಿ ಪಂಪ್, ಈ ನಾಲ್ಕನ್ನೂ ಇದೇ ಬೋರ್ಡಿನಲ್ಲಿ ಓಡಿಸಬೇಕು ಅಂತ ಆಸೆ.

ಸದ್ಯಕ್ಕೆ ಬಲ್ಬ್ ಮಾತ್ರ ಹಾಕಿ ನೋಡಿದೆ. ಆಫ್ ಮಾಡಿದರೂ ಮಿಣಮಿಣ ಉರಿಯುತ್ತಲೇ ಇರುತ್ತದೆ. ಬೋರ್ಡ್ ಮೇಲಿನ ಚಿಕ್ಕ ಕೆಂಪು ದೀಪವೂ ಪೂರ್ತಿ ಆರುವುದಿಲ್ಲ. ಬೋರ್ಡ್ ಕೆಟ್ಟಿದೆಯಾ? ಸುಮ್ನೆ ಮಾಮೂಲಿ ರಿಲೇಗೇ ಹೋಗಲಾ?

ಉತ್ತರ (ಮೈಸೂರು, ಎಲೆಕ್ಟ್ರಾನಿಕ್ಸ್ ರಿಪೇರಿ)

ಬೋರ್ಡ್ ಕೆಟ್ಟಿರಲಿಕ್ಕಿಲ್ಲ ಸರ್. ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ತೊಂದರೆ ಸೇರಿಕೊಂಡಿವೆ. ಬೋರ್ಡಿನ ಐಎನ್ (ಇನ್‌ಪುಟ್) ಪಿನ್‌ಗೆ ಹೋಗಿರುವ ವೈರನ್ನು ಬಿಚ್ಚಿ ನೋಡಿ. ಕೆಂಪು ದೀಪ ಪೂರ್ತಿ ಆರಿತು, ಆದರೆ ಬಲ್ಬ್ ಇನ್ನೂ ಮಿಣುಕುತ್ತಿದೆ ಅಂದರೆ ಅದು ರಿಲೇಯ ಸ್ವಭಾವ.

ಇದರೊಳಗೆ ಟ್ರಯಾಕ್ (ಎಸಿ ಕರೆಂಟನ್ನು ಆನ್ ಆಫ್ ಮಾಡುವ ಎಲೆಕ್ಟ್ರಾನಿಕ್ ಭಾಗ) ಇದೆ, ಅದಕ್ಕೆ ಅಡ್ಡಲಾಗಿ ಸ್ನಬ್ಬರ್ (ವೋಲ್ಟೇಜ್ ಜಿಗಿತ ತಡೆಯುವ ರೆಸಿಸ್ಟರ್, ಕ್ಯಾಪಾಸಿಟರ್ ಜೋಡಿ) ಇದೆ. ಮಾಮೂಲಿ ರಿಲೇಯಲ್ಲಿ ಆಫ್ ಅಂದರೆ ಮಧ್ಯೆ ಗಾಳಿ. ಇಲ್ಲಿ ಹಾಗಲ್ಲ. ಆಫ್ ಆಗಿದ್ದಾಗಲೂ 200 ವೋಲ್ಟ್‌ಗೆ 1.5 ಮಿಲಿಆಂಪ್ ತನಕ ಸೋರಬಹುದು ಅಂತ ಈ ರಿಲೇ ಮಾಡುವ ಓಮ್ರಾನ್ ಕಂಪನಿಯ ಡೇಟಾಶೀಟೇ (ವಿವರ ಪತ್ರ) ಹೇಳುತ್ತದೆ. ಎಲ್‌ಇಡಿ ಬಲ್ಬ್ ಮಿಣುಕಲು ಅಷ್ಟು ಸಾಕು.

ಇನ್ನೊಂದು ವಿಷಯ ಯಾರೂ ನೋಡುವುದಿಲ್ಲ. ಈ ರಿಲೇಗೆ ಕನಿಷ್ಠ 0.1 ಆಂಪ್ ಲೋಡ್ ಬೇಕು, ಗರಿಷ್ಠ 2 ಆಂಪ್. 9 ವ್ಯಾಟ್ ಬಲ್ಬ್ ಎಳೆಯುವುದು 0.1ಕ್ಕಿಂತ ಕಡಿಮೆ. ಹಾಗಾಗಿ ಆನ್ ಆದಾಗಲೂ ಕೆಲವು ಬಲ್ಬ್‌ಗಳು ಮಿಟುಕುತ್ತವೆ. ಬಲ್ಬಿಗೆ ಅಡ್ಡಲಾಗಿ ಎಕ್ಸ್2 (ಮನೆ ಕರೆಂಟಿಗೆ ಅಡ್ಡಲಾಗಿ ಹಾಕಲು ಆಗುವ) ಕ್ಯಾಪಾಸಿಟರ್ ಹಾಕಿದರೆ ಆಫ್ ಆದಾಗಿನ ಮಿಣುಕು ನಿಲ್ಲುತ್ತದೆ, ಆದರೆ ಒಂದು ದೀಪಕ್ಕೆ ಅಷ್ಟೆಲ್ಲ ಯಾಕೆ? ದೀಪಕ್ಕೆ ಮಾಮೂಲಿ ರಿಲೇ ಹಾಕಿ.

ಅಂಗಡಿಗೆ ಬರುವ ಈ ಬೋರ್ಡುಗಳಲ್ಲಿ ಎಷ್ಟೋ ಸರಿಯಾಗೇ ಇರುತ್ತವೆ. ಲೋಡ್ ಇಲ್ಲದೆ ಮಲ್ಟಿಮೀಟರ್ ಹಿಡಿದರೆ ಆಫ್‌ನಲ್ಲೂ ಹೆಚ್ಚುಕಮ್ಮಿ ಪೂರ್ತಿ ವೋಲ್ಟೇಜ್ ತೋರಿಸುತ್ತದೆ, ಅದಕ್ಕೇ ಕೆಟ್ಟಿದೆ ಅಂತ ತಂದುಬಿಡುತ್ತಾರೆ. 60 ವ್ಯಾಟ್‌ನ ಹಳೇ ಬುರುಡೆ ಬಲ್ಬ್ ಹಾಕಿ ಪರೀಕ್ಷೆ ಮಾಡಿ. ಅದು ಆರಿ ಹೊತ್ತಿದರೆ ರಿಲೇ ಸರಿ ಇದೆ.

ಉತ್ತರ (ಹುಬ್ಬಳ್ಳಿ, ಡಿಪ್ಲೊಮಾ ಲ್ಯಾಬ್)

ಕೆಂಪು ದೀಪದ ವಿಷಯ ನಾನು ಹೇಳುತ್ತೇನೆ. ಈ ಬೋರ್ಡುಗಳಲ್ಲಿ ಹೆಚ್ಚಿನವು ಲೋ ಟ್ರಿಗರ್. ಪಿನ್ ಕೆಳಗೆ ಹೋದರೆ ಆನ್, ಮೇಲೆ ಹೋದರೆ ಆಫ್. ಆರ್ಡುಯಿನೊ ಉನೊ (ಇಎಸ್‌ಪಿ32 ಥರದ್ದೇ ಇನ್ನೊಂದು ಬೋರ್ಡ್) ಆದರೆ ಮೇಲೆ ಅಂದರೆ 5 ವೋಲ್ಟ್. ನಿಮ್ಮ ಇಎಸ್‌ಪಿ32 ಕೊಡುವುದು 3.3 ಅಷ್ಟೇ. ಬೋರ್ಡ್‌ಗೆ 5 ವೋಲ್ಟ್ ಕೊಟ್ಟಿದ್ದೀರಿ, ಮಧ್ಯೆ 1.7 ವೋಲ್ಟ್ ಉಳಿಯಿತು. ಒಳಗಿನ ಟ್ರಾನ್ಸಿಸ್ಟರ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ.

ಕೆಲವರು ಬೋರ್ಡಿಗೇ 3.3 ವೋಲ್ಟ್ ಕೊಡಿ ಅನ್ನುತ್ತಾರೆ. ಮಾಡಬೇಡಿ. 5 ವೋಲ್ಟ್ ಮಾದರಿಯ ಈ ರಿಲೇ ಖಂಡಿತ ಆನ್ ಆಗಬೇಕಾದರೆ 4 ವೋಲ್ಟ್ ಬೇಕು. ಮೇಜಿನ ಮೇಲೆ ಕೆಲಸ ಮಾಡಿತು ಅಂತ ನಂಬಿಕೊಂಡರೆ ಚಾಕಿ ಮನೆಯಲ್ಲಿ ಯಾವತ್ತೋ ಒಂದು ದಿನ ಕೈ ಕೊಡುತ್ತದೆ.

ಚಾನೆಲ್‌ಗೊಂದು ಬಿಸಿ547 ಟ್ರಾನ್ಸಿಸ್ಟರ್ ಹಾಕಿ. ಎಮಿಟರ್ ಗ್ರೌಂಡಿಗೆ, ಕಲೆಕ್ಟರ್ ಬೋರ್ಡಿನ ಐಎನ್ ಪಿನ್‌ಗೆ, ಬೇಸ್‌ಗೆ 1ಕೆ ರೆಸಿಸ್ಟರ್ ಮೂಲಕ ಇಎಸ್‌ಪಿ32 ಪಿನ್. ಬೇಸ್‌ನಿಂದ ಗ್ರೌಂಡಿಗೆ ಒಂದು 10ಕೆ ಮರೆಯಬೇಡಿ. ಕರೆಂಟ್ ಹೋಗಿ ಬಂದಾಗ ಇಎಸ್‌ಪಿ32 ಏಳುವ ತನಕ ಪಿನ್‌ಗಳು ತೇಲಾಡುತ್ತಿರುತ್ತವೆ. ಆ 10ಕೆ ಇದ್ದರೆ ಅಷ್ಟು ಹೊತ್ತೂ ಎಲ್ಲ ಆಫ್ ಆಗಿಯೇ ಇರುತ್ತದೆ. ನಮ್ಮ ಹಳ್ಳಿಗಳಲ್ಲಿ ಕರೆಂಟ್ ಎಷ್ಟು ಸಲ ಹೋಗಿ ಬರುತ್ತದೆ ಅಂತ ನಿಮಗೇ ಗೊತ್ತು ಅಲ್ವಾ? ಟ್ರಾನ್ಸಿಸ್ಟರ್ ಹಾಕಿದ ಮೇಲೆ ಲೆಕ್ಕ ತಿರುಗುತ್ತದೆ. ಹೈ ಅಂದರೆ ಆನ್. ಪ್ರೋಗ್ರಾಂನಲ್ಲೂ ಬದಲಾಯಿಸಿ.

ಪಿನ್ 25, 26, 27, 32, 33 ಬಳಸಿ. 0, 2, 5, 12, 15 ಬೂಟ್ ಹೊತ್ತಿನ ಕೆಲಸಕ್ಕೆ ಬರುತ್ತವೆ, ಬಿಟ್ಟುಬಿಡಿ. 34ರಿಂದ 39 ಬರೀ ಇನ್‌ಪುಟ್.

ಉತ್ತರ (ತುಮಕೂರು, ಎಲೆಕ್ಟ್ರಿಷಿಯನ್)

ಎಲ್ಲರೂ ಬಲ್ಬ್ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ಭಯ ಆಗಿದ್ದು ಹೀಟರ್ ಓದಿ. 1000 ವ್ಯಾಟ್‌ಗೆ 230 ವೋಲ್ಟ್‌ನಲ್ಲಿ 4.3 ಆಂಪ್ ಆಗುತ್ತದೆ. ಬೋರ್ಡ್ 2 ಆಂಪ್‌ನದ್ದು. ದಯವಿಟ್ಟು ಹೀಟರನ್ನು ಈ ಬೋರ್ಡಿಗೆ ಸೇರಿಸಬೇಡಿ. ಎರಡು ಚಾನೆಲ್ ಜೋಡಿಸಿ 4 ಆಂಪ್ ಮಾಡುತ್ತೇನೆ ಅಂತಲೂ ಹೋಗಬೇಡಿ, ಎರಡೂ ಸಮನಾಗಿ ಹೊರೆ ಹೊರುವುದಿಲ್ಲ.

ನನ್ನ ಸಲಹೆ ಕೇಳಿದರೆ ಸಾಲಿಡ್ ಸ್ಟೇಟೇ ಬೇಡ. ಒಳ್ಳೆಯ 16 ಆಂಪ್ ರಿಲೇ ಹಾಕಿ ನೆಮ್ಮದಿಯಾಗಿರಿ.

ಉತ್ತರ (ಬೆಂಗಳೂರು, ಹವ್ಯಾಸಕ್ಕೆ ಮಾಡುವವರು)

ತುಮಕೂರಿನವರ ಮಾತು ಅರ್ಧ ಒಪ್ಪುತ್ತೇನೆ. ಹೀಟರನ್ನು ಎಷ್ಟು ಸಲ ಆನ್ ಆಫ್ ಮಾಡುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಎಲ್ಲ ಕಡೆ ಸಿಗುವ ನೀಲಿ ಡಬ್ಬಿಯ 5 ವೋಲ್ಟ್ ರಿಲೇ, ಎಸ್‌ಆರ್‌ಡಿ ಮಾದರಿಯದು, ಲೋಡ್ ಹೊತ್ತು 1 ಲಕ್ಷ ಸಲ ಆಡುತ್ತದೆ ಅಂತ ಡೇಟಾಶೀಟ್. ಆರ್ಡುಯಿನೊ ಪಿಐಡಿ (ಬಿಸಿಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಲೆಕ್ಕ) ಲೈಬ್ರರಿಯ ರಿಲೇ ಉದಾಹರಣೆಯಲ್ಲಿ 5 ಸೆಕೆಂಡಿನ ಅವಧಿ ಇದೆ. ಅದನ್ನೇ ಹಾಗೇ ಹಾಕಿದರೆ ದಿನಕ್ಕೆ 17,280 ಸಲ. ಆರು ದಿನದೊಳಗೆ ರಿಲೇ ಆಯಸ್ಸು ಮುಗಿಯಿತು!

ಆದರೆ ಚಾಕಿ ಮನೆ ಒಂದು ಕೋಣೆ. 27ಕ್ಕೆ ಆನ್, 28ಕ್ಕೆ ಆಫ್ ಅಂತ ಇಟ್ಟರೆ ಹತ್ತು ನಿಮಿಷಕ್ಕೊಮ್ಮೆ ಆಡಬಹುದು, ದಿನಕ್ಕೆ 144 ಸಲ. ಆಗ ಮಾಮೂಲಿ ರಿಲೇಯೇ ವರ್ಷಗಟ್ಟಲೆ ಬರುತ್ತದೆ. ಅರ್ಧ ಡಿಗ್ರಿಯೂ ಏರುಪೇರಾಗಬಾರದು, ಪಿಐಡಿಯೇ ಬೇಕು ಅಂದರೆ ಮಾತ್ರ ಸಾಲಿಡ್ ಸ್ಟೇಟ್.

ಹಾಗೆ ಹಾಕುವುದಾದರೆ ಚೌಕದ ದೊಡ್ಡದು ಬರುತ್ತದಲ್ಲ, 25ಡಿಎ ಅಥವಾ 40ಡಿಎ, 3ರಿಂದ 32 ವೋಲ್ಟ್ ಇನ್‌ಪುಟ್‌ನದು, ಅದನ್ನು ತೆಗೆದುಕೊಳ್ಳಿ. ಆನ್ ಇದ್ದಾಗ ಇದರ ಮೇಲೆ ಒಂದೂಕಾಲು ವೋಲ್ಟ್ ಆಸುಪಾಸು ಬೀಳುತ್ತದೆ. 4.3 ಆಂಪ್‌ಗೆ 5–6 ವ್ಯಾಟ್ ಶಾಖ. ಹೀಟ್‌ಸಿಂಕ್ ಮತ್ತು ಪೇಸ್ಟ್ ಇಲ್ಲದೆ ಬಳಸಬೇಡಿ. 25 ಆಂಪ್ ಅಂತ ಬರೆದಿರುವುದು ಒಳ್ಳೆಯ ಹೀಟ್‌ಸಿಂಕ್ ಇದ್ದಾಗಿನ ಮಾತು. ಜೊತೆಗೆ ಫೋಟೆಕ್ ಹೆಸರಿನ ನಕಲಿ ಮಾಲು ಮಾರುಕಟ್ಟೆಯಲ್ಲಿ ತುಂಬಾ ಇದೆ, ಸುರಕ್ಷತೆ ಪರೀಕ್ಷಿಸುವ ಅಮೆರಿಕದ ಯುಎಲ್ ಸಂಸ್ಥೆ ಆ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿತ್ತು. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ತೆಗೆದುಕೊಳ್ಳುವಾಗ ತೀರಾ ಅಗ್ಗದ್ದಕ್ಕೆ ಕೈ ಹಾಕಬೇಡಿ. ಬರೆದಿರುವುದರ ಕಾಲು ಭಾಗಕ್ಕಿಂತ ಜಾಸ್ತಿ ಹೊರೆ ನಾನಂತೂ ಕೊಡುವುದಿಲ್ಲ.

12 ವೋಲ್ಟ್ ಪಂಪ್ ಈ ಬೋರ್ಡಿನಲ್ಲಿ ಆಗುವುದೇ ಇಲ್ಲ. ಎಸಿಯಲ್ಲಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಆಗ ಟ್ರಯಾಕ್ ಬಿಟ್ಟುಕೊಡುತ್ತದೆ. ಡಿಸಿಯಲ್ಲಿ ಸೊನ್ನೆ ಬರುವುದೇ ಇಲ್ಲ, ಒಮ್ಮೆ ಹಿಡಿದರೆ ಬಿಡುವುದಿಲ್ಲ. ಪಂಪ್‌ಗೆ ಐಆರ್‌ಎಲ್‌ಝಡ್44ಎನ್ ಮಾಸ್‌ಫೆಟ್ (ಡಿಸಿಗೆ ಆಗುವ ಎಲೆಕ್ಟ್ರಾನಿಕ್ ಸ್ವಿಚ್) ಹಾಕಿ, ಮೋಟರಿಗೆ ಅಡ್ಡಲಾಗಿ ಒಂದು ಡಯೋಡ್, ಪಟ್ಟಿ ಇರುವ ಕಡೆ ಪ್ಲಸ್‌ಗೆ.

ಉತ್ತರ (ರಾಮನಗರ, ಚಾಕಿ ಸಾಕುವವರು)

ಅಣ್ಣ, ನಮ್ಮನೆಯಲ್ಲಿ ಇಂಥದ್ದೇ ವ್ಯವಸ್ಥೆ ಇದೆ. ಮಗ ಮಾಡಿಕೊಟ್ಟ. ಲೆಕ್ಕಾಚಾರ ಅವನಿಗೆ ಗೊತ್ತು, ಚಾಕಿ ಮನೆ ನನಗೆ ಗೊತ್ತು. ಎರಡು ಮಾತು ಹೇಳುತ್ತೇನೆ.

ಸಾಲಿಡ್ ಸ್ಟೇಟ್ ರಿಲೇ ಕೆಟ್ಟರೆ ಹೆಚ್ಚಾಗಿ ಆನ್ ಆಗಿಯೇ ಕೆಡುತ್ತದೆ. ಹೀಟರ್ ಕೆಟ್ಟು ನಿಂತರೆ ಹುಳು ಚಳಿಗೆ ಮೆಲ್ಲಗೆ ಮೇಯುತ್ತವೆ, ಜ್ವರಕ್ಕೆ (ಪೊರೆ ಬಿಡುವ ಹಂತಕ್ಕೆ) ಬರುವುದು ತಡ ಆಗುತ್ತದೆ, ಅಷ್ಟೇ. ಬೆಳಿಗ್ಗೆ ನೋಡಿ ಸರಿ ಮಾಡಬಹುದು. ಹೀಟರ್ ನಿಲ್ಲದೇ ಹೋದರೆ ರಾತ್ರಿ ಕಳೆಯುವುದರೊಳಗೆ ಎಳೇ ಹುಳುಗಳು ಉಳಿಯುವುದಿಲ್ಲ. ಅದಕ್ಕೆ ಹೀಟರ್ ಫೇಸ್ ವೈರಿನಲ್ಲೇ ಗುಂಡಿ ತಿರುಗಿಸುವ ಥರ್ಮೋಸ್ಟಾಟ್ ಹಾಕಿಸಿದ್ದೇವೆ. 31ಕ್ಕೆ ಇಟ್ಟಿದ್ದೇವೆ. ಕಂಪ್ಯೂಟರ್ ಏನೇ ಹೇಳಲಿ, ಅದಕ್ಕೆ ಮೇಲೆ ಹೋದರೆ ಕಡಿದುಬಿಡುತ್ತದೆ. ಸೆನ್ಸರ್ ವೈರ್ ಕಿತ್ತುಹೋದರೆ ಹೀಟರ್ ಆಫ್ ಆಗಬೇಕು ಅಂತಲೂ ಪ್ರೋಗ್ರಾಂನಲ್ಲಿ ಬರೆಸಿ. ನಾವು ಸೆನ್ಸರ್ ಬಿಚ್ಚಿ ನೋಡಿಯೇ ಒಪ್ಪಿದ್ದು.

ಎರಡನೇದು ತೇವ. ಚಾಕಿಗೆ ಶೇಕಡಾ 85–90 ತೇವ ಬೇಕು. ಜೊತೆಗೆ ಪ್ರತಿ ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪೌಡರ್, ಸುಣ್ಣದ ನೀರು ಹೊಡೆಯುತ್ತೇವೆ. ಬ್ಲೀಚಿಂಗ್ ಗಾಳಿ ತಾಮ್ರಕ್ಕೆ ಆಗಿಬರುವುದಿಲ್ಲ, ಹಸಿರು ಹಿಡಿಯುತ್ತದೆ. ಬೋರ್ಡ್, ರಿಲೇ, ಪವರ್ ಸಪ್ಲೈ ಎಲ್ಲ ಹೊರಗಿನ ಗೋಡೆ ಮೇಲೆ ಮುಚ್ಚಿದ ಡಬ್ಬಿಯಲ್ಲಿ ಇರಲಿ. ಒಳಗೆ ಸೆನ್ಸರ್ ಮಾತ್ರ. ಔಷಧಿ ಹೊಡೆಯುವ ದಿನ ಅದನ್ನೂ ಬಿಚ್ಚಿ ಹೊರಗಿಡಿ.

ಕೇಳಿದವರು

ಮೇಡಂ, ಬೋರ್ಡ್ ಹೊರಗಿಡುವುದು ನನಗೆ ಹೊಳೆದೇ ಇರಲಿಲ್ಲ. ತುಂಬಾ ಉಪಕಾರ. ಎಲ್ಲರ ಮಾತು ಸೇರಿಸಿದರೆ ನನ್ನ ಬೋರ್ಡಿಗೆ ಉಳಿಯುವುದು ಎಕ್ಸಾಸ್ಟ್ ಫ್ಯಾನ್ ಒಂದೇ. ಅದು 50 ವ್ಯಾಟ್. ಅದಾದರೂ ಆಗುತ್ತಾ? ಹೀಟರ್‌ಗೆ 16 ಆಂಪ್ ರಿಲೇಯನ್ನೇ ಹಾಕುತ್ತೇನೆ. ವೈರಿಂಗ್ ಯಾವ ಕ್ರಮದಲ್ಲಿ ಬರಬೇಕು?

ಉತ್ತರ (ಮೈಸೂರು)

ಫ್ಯಾನ್ ಆಗುತ್ತದೆ. 0.2 ಆಂಪ್ ಮೇಲೇ ಎಳೆಯುತ್ತದೆ, ಕನಿಷ್ಠ ಮಿತಿ ದಾಟಿತು. ಸ್ಪೀಡ್ ಕಡಿಮೆ ಮಾಡಲು ಮಾತ್ರ ನೋಡಬೇಡಿ. ಇದು ಸೊನ್ನೆ ದಾಟುವಾಗಲೇ ಹೊತ್ತಿಕೊಳ್ಳುವ ರಿಲೇ, ಡಿಮ್ಮರ್ ಥರ ಕೆಲಸ ಮಾಡುವುದಿಲ್ಲ. ಸಿಡಿಲು, ವೋಲ್ಟೇಜ್ ಏರುಪೇರು ಜಾಸ್ತಿ ಇದ್ದರೆ ರಿಲೇ ಔಟ್‌ಪುಟ್‌ಗೆ ಅಡ್ಡಲಾಗಿ 14ಡಿ471ಕೆ ವೇರಿಸ್ಟರ್ (ವೋಲ್ಟೇಜ್ ಜಿಗಿದರೆ ತಡೆಯುವ ಭಾಗ) ಹಾಕಿ.

ಉತ್ತರ (ತುಮಕೂರು)

ಹೀಟರಿನ ಕ್ರಮ ಹೀಗಿರಲಿ: 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದರೆ ಕಡಿಯುವ ಸ್ವಿಚ್), ಆಮೇಲೆ 6 ಆಂಪ್ ಎಂಸಿಬಿ (ಹೊರೆ ಜಾಸ್ತಿ ಆದರೆ ಬೀಳುವ ಸ್ವಿಚ್), ಆಮೇಲೆ ಮೇಡಂ ಹೇಳಿದ ಥರ್ಮೋಸ್ಟಾಟ್, ಆಮೇಲೆ ರಿಲೇ, ಕೊನೆಗೆ ಹೀಟರ್. ಕತ್ತರಿಸುವುದೆಲ್ಲ ಫೇಸ್ ವೈರಿನಲ್ಲೇ. ನ್ಯೂಟ್ರಲ್ ನೇರ ಹೋಗಲಿ, ಹೀಟರ್ ಬಾಡಿಗೆ ಅರ್ಥಿಂಗ್ ಕಡ್ಡಾಯ. ತೇವದ ಜಾಗ, ಬರಿಗಾಲಲ್ಲಿ ಓಡಾಡುತ್ತೀರಿ.

ಫ್ಯಾನ್ ರಿಪೇರಿಗೆ ಕೈ ಹಾಕುವ ಮುಂಚೆ ಎಂಸಿಬಿ ಇಳಿಸಿ. ರಿಲೇ ಆಫ್ ಇದೆ ಅಂತ ಮುಟ್ಟಬೇಡಿ. ಆ ಸೋರುವ ಕರೆಂಟಿಗೆ ಟೆಸ್ಟರ್ ಉರಿಯುತ್ತದೆ, ನಿಮಗೂ ಜುಮ್ ಅನ್ನುತ್ತದೆ. ಮೊದಲ ಸಲ ಓಡಿಸುವಾಗ ಹೀಟರ್ ಬದಲು ಆ ಬುರುಡೆ ಬಲ್ಬನ್ನೇ ಹಾಕಿ, ಒಂದು ರಾತ್ರಿ ಪೂರ್ತಿ ಓಡಲಿ. ಥರ್ಮೋಸ್ಟಾಟ್ ಗುಂಡಿಯನ್ನು ಕೋಣೆಯ ಬಿಸಿಗಿಂತ ಕೆಳಗೆ ತಿರುಗಿಸಿ, ಬಲ್ಬ್ ಆರುತ್ತದಾ ನೋಡಿ. ಆರಿದರೆ ಹೀಟರ್ ಸೇರಿಸಿ.