ಅಪ್‌ಡೇಟ್: ಬಾರ್ ಗೆರೆ ಈಗ ಸಾಲುಗಳ ನಡುವೆ ಮಾತ್ರ ಬರುತ್ತಿದೆ

16ನೇ ಶತಮಾನದ ನಾಲ್ಕು ದನಿಯ ಹಾಡೊಂದನ್ನು ಲಿಲಿಪಾಂಡ್‌ನಲ್ಲಿ (ಸ್ವರಲಿಪಿ ಜೋಡಿಸುವ ಸಾಫ್ಟ್‌ವೇರ್) ಕೂರಿಸುವಾಗ, ಬಾರ್ ಗೆರೆಗಳು (ತಾಳದ ಭಾಗಗಳನ್ನು ಬೇರೆ ಮಾಡುವ ಉದ್ದ ಗೆರೆಗಳು) ಸ್ಟಾಫ್ (ಸ್ವರ ಬರೆಯುವ ಐದು ಗೆರೆಗಳ ಪಟ್ಟಿ) ಒಳಗೆ ಹಾಯದೆ ಎರಡು ಸ್ಟಾಫ್‌ಗಳ ನಡುವೆ ಮಾತ್ರ ಬರಬೇಕು, ಹೇಗೆ ಅಂತ ಕೇಳಿದ್ದೆ. ಕೆಲಸ ಆಯಿತು! ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನಾಲ್ಕೂ ದನಿಗಳನ್ನು ಸ್ಟಾಫ್‌ಗ್ರೂಪ್ (ಸ್ಟಾಫ್‌ಗಳ ಗುಂಪು) ಒಳಗೆ ಇಟ್ಟು, ಬಾರ್ ಗೆರೆಯ ಬಗೆ ಹೇಳುವ ಮೆಷರ್‌ಬಾರ್‌ಟೈಪ್ ಸೆಟ್ಟಿಂಗ್‌ಗೆ ಸ್ಪ್ಯಾನ್ ಬೆಲೆ ಕೊಟ್ಟರೆ ಸಾಕು. ಇದಕ್ಕೆ 2.24 ಅಥವಾ ಅದಕ್ಕಿಂತ ಹೊಸ ಆವೃತ್ತಿ ಬೇಕು. ಈಗ ಉದ್ದದ ಸ್ವರ ಬಾರ್ ದಾಟಿದರೂ ಅದನ್ನು ಒಡೆದು ಟೈ (ಎರಡು ತುಂಡನ್ನು ಕೂಡಿಸುವ ಕಮಾನು ಗೆರೆ) ಹಾಕಬೇಕಿಲ್ಲ. ಹಾಡುವವರ ಕಣ್ಣಿಗೆ ಸಾಲು ಒಂದೇ ಉಸಿರಲ್ಲಿ ಹರಿಯುತ್ತದೆ, ಬೇಕಾದಾಗ ಎಣಿಕೆಗೂ ಆಸರೆ ಇರುತ್ತದೆ. ನನಗೆ ಬೇಕಿದ್ದದ್ದು ಇದೇ.

ಲಿಗೇಚರ್ (ಕೆಲವು ಸ್ವರಗಳನ್ನು ಕೂಡಿಸಿ ಒಂದೇ ಆಕಾರವಾಗಿ ಬರೆಯುವ ಹಳೆಯ ರೀತಿ) ವಿಷಯವೂ ಬಗೆಹರಿಯಿತು. ಮಾಮೂಲಿ ಸ್ಟಾಫ್‌ನಲ್ಲಿ ಅದು ಸ್ವರಗಳ ಮೇಲೆ ಚೌಕ ಕಂಸವಾಗಿ ಕಾಣುತ್ತದೆ. ಅದೇ ಸ್ವರಗಳನ್ನು ಮೆನ್ಸುರಲ್ ಸ್ಟಾಫ್‌ನಲ್ಲಿ (ಆ ಕಾಲದ ಸ್ವರಲಿಪಿಯ ಸ್ಟಾಫ್) ಬರೆದರೆ ಹಳೆಯ ಕಾಲದ ಕೂಡಿದ ಆಕಾರವೇ ಮೂಡುತ್ತದೆ, ಎಷ್ಟು ಚೆಂದ ಅಲ್ವಾ! ಮೂಲದ ಸಿ ಕ್ಲೆಫ್ (ಸಿ ಸ್ವರದ ಗೆರೆ ಯಾವುದೆಂದು ತೋರಿಸುವ ಗುರುತು) ಮತ್ತು ಮೊದಲ ಸ್ವರವನ್ನು, ಮೂಲದ ಆರಂಭ ತೋರಿಸುವ ಇನ್ಸಿಪಿಟ್ ಆಜ್ಞೆಯಿಂದ ಹಾಡಿನ ಶುರುವಿಗೆ ಮುಂಚೆ ತೋರಿಸಿದ್ದೇನೆ. ಮೊದಲ ಸಾಲಿನ ಇಂಡೆಂಟ್ (ಎಡಗಡೆ ಬಿಡುವ ಜಾಗ) ಸ್ವಲ್ಪ ಜಾಸ್ತಿ ಇಡಿ, ಇಲ್ಲದಿದ್ದರೆ ಅದಕ್ಕೆ ಜಾಗ ಸಾಲದು.

ಮೂಲದಲ್ಲಿ ಇಲ್ಲದ ಶಾರ್ಪ್, ಫ್ಲ್ಯಾಟ್‌ಗಳನ್ನು (ಸ್ವರವನ್ನು ಏರಿಸುವ, ಇಳಿಸುವ ಗುರುತುಗಳು) ಸಜೆಸ್ಟ್‌ಆಕ್ಸಿಡೆಂಟಲ್ಸ್ ಸೆಟ್ಟಿಂಗ್ ಆನ್ ಮಾಡಿ ಸ್ವರದ ಮೇಲೆ ಇಟ್ಟಿದ್ದೇನೆ, ಆ ಜಾಗ ಮುಗಿದ ತಕ್ಷಣ ಆಫ್. ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಯಾವುದು ಹಳೆಯ ಪ್ರತಿಯದ್ದು, ಯಾವುದು ಸಂಪಾದಕರ ಊಹೆ ಅನ್ನುವುದು ಹಾಡುವವರಿಗೆ ಗೊತ್ತಾಗಲೇಬೇಕು.

ಇನ್ನು ಸಾಹಿತ್ಯದ ಸಾಲು ಜೋಡಿಸುವುದೊಂದು ಬಾಕಿ.