ಬೋರ್ ನೀರು ಉಪ್ಪದ, ಮೆಣಸಿನ ಅಗಿ ಉಳಿಸೋದು ಹ್ಯಾಂಗ್ರಿ?

ಸಿಂಧನೂರು ಹೊಲ:
ನಮಸ್ಕಾರ್ರೀ. ಕಾಲುವಿ ಬಂದಾದ ಮ್ಯಾಲೆ ಬೋರ್ ನೀರಿನ ಮ್ಯಾಲೇ ಟ್ರೇದಾಗ ಅಗಿ ಬೆಳಸಾಕತ್ತೀನಿ, ಮೆಣಸಿನಕಾಯಿ ಮತ್ತ ಟೊಮೆಟೊ. ಟೊಮೆಟೊ ಸ್ವಲ್ಪ ಗಿಡ್ಡ ಅದಾವ ಅಷ್ಟ, ಮೆಣಸಿನಕಾಯಿದು ಮಾತ್ರ ಎಲಿ ಅಂಚು ಸುಟ್ಟಂಗಾಗಿ ಒಣಗಾಕತ್ತಾವ, ಟ್ರೇ ಮ್ಯಾಲೆ ಬೆಳ್ಳಗ ಪುಡಿ ಕೂತದ. ರೋಗ ಅಂತ ತಿಳದು ಎರಡು ಸಲ ಔಷಧ ಹೊಡದೆ, ರೊಕ್ಕ ಹೋತು ಅಷ್ಟ. ನೀರು ಟೆಸ್ಟ್ ಮಾಡಿಸಿದ್ರ ಇಸಿ (ನೀರಾಗ ಎಷ್ಟು ಉಪ್ಪು ಕರಗೇದ ಅನ್ನೋ ಅಳತಿ, dS/m ಲೆಕ್ಕ) 2.4 ಬಂದದ. ಉಪ್ಪು ತಡಿಯೋ ಮೆಣಸಿನ ತಳಿ ಯಾವುದರ ಅದ ಏನ್ರಿ?

ಕೋಲಾರ ನರ್ಸರಿ:
ತಳಿ ಆಮೇಲೆ ನೋಡೋಣ ಸರ್, ಮೊದಲು ನೀರು. ಟೊಮೆಟೊಗೆ ನೀರಿನ ಇಸಿ 1.7 ದಾಟಿದ್ರೆ ಇಳುವರಿ ಇಳಿಯೋಕೆ ಶುರುವಾಗತ್ತೆ, ಮೆಣಸಿನಕಾಯಿಗೆ 1.0 ದಾಟಿದ್ರೆ ಸಾಕು, ಈರುಳ್ಳಿ ಬೀನ್ಸ್ ಅಂತೂ ಇನ್ನೂ ನಾಜೂಕು. ಇದು ಹೊಲದ ಲೆಕ್ಕ, ಎಳೇ ಸಸಿ ಇಷ್ಟೂ ತಡೆಯಲ್ಲ. ಕೃಷಿಹೊಂಡ ಇದ್ಯಾ? ಮಳೆ ನೀರಿನ ಇಸಿ 0.3 ಅಂದ್ಕೊಂಡ್ರೆ ಅರ್ಧಕ್ಕರ್ಧ ಬೆರೆಸಿದ್ರೂ 1.35 ನಿಲ್ಲತ್ತೆ, ಮೆಣಸಿಗೆ ಸಾಲಲ್ಲ, ಒಂದು ಪಾಲು ಬೋರ್ ಮೂರು ಪಾಲು ಹೊಂಡ ಮಾಡಿದ್ರೆ 0.8 ಹತ್ರ ಬರತ್ತೆ.

ಮಣ್ಣಿನ ಮಗ:
ಮನೆಗೆ ಹಾಕೋ ಸಾಫ್ಟ್‌ನರ್ ಕೂರಿಸಿ ನೋಡಿ, ನಮ್ಮ ಟ್ಯಾಂಕಲ್ಲಿ ಬಿಳಿ ಕಟ್ಟೋದೇ ನಿಂತೋಯ್ತು.

ಕೋಲಾರ ನರ್ಸರಿ:
ಅಯ್ಯೋ ಬೇಡ ಮಾರಾಯ್ರೆ, ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡತ್ತೆ, ಗಿಡಕ್ಕೆ ಇನ್ನೂ ಕೆಟ್ಟದ್ದು. ಗಡಸು ನೀರು ಬೇರೆ ಉಪ್ಪು ನೀರು ಬೇರೆ.

ಟ್ರೇ ಅಕ್ಕ:
ಟ್ರೇಗೆ ತುಂಬೋ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬ್ಲಾಕ್ ಯಾವ ನೀರಲ್ಲಿ ನೆನೆಸಿದ್ರಿ ಅಣ್ಣ? ಅದರಲ್ಲೇ ಎಷ್ಟೋ ಸಲ ಉಪ್ಪಿರತ್ತೆ, ತೊಳೀದೆ ತುಂಬಿದ್ರೆ ಬೀಜ ಮೊಳೆಯೋದೇ ತಡ. ಇನ್ನೊಂದು, ದಿನಕ್ಕೆ ನಾಲ್ಕು ಸಲ ಚೂರು ಚೂರು ಚಿಮುಕಿಸ್ಬೇಡಿ, ನೀರು ಆರಿ ಉಪ್ಪು ಮೇಲೇ ಉಳಿಯತ್ತೆ, ಕೊಡೋವಾಗ ತಳದ ತೂತಿಂದ ಹರಿಯೋ ಹಾಗೆ ಕೊಡಿ, ಎಲೆ ಮೇಲೆ ಮಾತ್ರ ಮಧ್ಯಾಹ್ನ ಬೇಡವೇ ಬೇಡ.

ಸಿಂಧನೂರು ಹೊಲ:
ಅಲ್ಲೇ ತಪ್ಪಾಗೇದ ನೋಡಕ್ಕಾ, ಬೋರ್ ನೀರಾಗ ನೆನಸಿ ತೊಳೀದ ತುಂಬೀನಿ, ಮ್ಯಾಲೆ ವಾರಕ್ಕೆರಡು ಸಲ 19-19-19 ಗೊಬ್ಬರ ಬ್ಯಾರೆ.

ಟ್ರೇ ಅಕ್ಕ:
ಅದೂ ಉಪ್ಪೇ ಅಲ್ವಾ! ಸದ್ಯ ನಿಲ್ಸಿ, ಹೊಂಡದ ನೀರಲ್ಲಿ ಎರಡು ಸಲ ಚೆನ್ನಾಗಿ ತೊಳೆದು ಬಿಡಿ. ಹೊಸ ಎಲೆ ಹಸಿರಾಗಿ ಬಂದ್ರೆ ಸಸಿ ಉಳೀತು, ಸುಟ್ಟ ಎಲೆ ಮತ್ತೆ ಸರಿಹೋಗಲ್ಲ.

ಸಿಂಧನೂರು ಹೊಲ:
ನಮ್ಮ ಹೊಂಡದಾಗ ಮೊಣಕಾಲಮಟ ಅದ. ಮೆಣಸಿಗಷ್ಟ ಅದನ್ನ ಇಟ್ಟು, ಟೊಮೆಟೊಕ್ಕ ಬೆರಸಿ ಕೊಡ್ತೀನಿ. ವಾರ ಬಿಟ್ಟು ಫೋಟೊ ಹಾಕ್ತೀನ್ರಿ.