ಬೆಂಬಲಿತ ವಸತಿಯಲ್ಲಿ ಚಟುವಟಿಕೆ: ಜನರೇ ಬರದಿದ್ದರೆ?

ಕೇಳಿದವರು: ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರೂ ಹಿಂದೆ ಸೂರಿಲ್ಲದೆ ಬದುಕಿದವರೂ ಇರುವ ವಸತಿಯೊಂದರಲ್ಲಿ ಚಟುವಟಿಕೆಗಳ ಸಂಯೋಜಕಿಯಾಗಿ ಈಚೆಗೆ ಸೇರಿದ್ದೇನೆ. ಬೆಳಿಗ್ಗೆ ವ್ಯಾಯಾಮ, ಆಮೇಲೆ ಚಿತ್ರಕಲೆ, ಕಂಪ್ಯೂಟರ್ ತರಗತಿ ಎಂದು ವೇಳಾಪಟ್ಟಿ ಹಾಕಿದ್ದೇನೆ. ಬರುವವರು ಇಬ್ಬರೋ ಮೂವರೋ. ಹಾಜರಾತಿ ಕಡ್ಡಾಯ ಮಾಡಿ ಎನ್ನುತ್ತಾರೆ ಮೇಲಿನವರು. ಅನುಭವಸ್ಥರು ದಯವಿಟ್ಟು ತಿಳಿಸಿ.

ಇಂಥದೇ ಕೆಲಸದಲ್ಲಿರುವವರು: ಕಡ್ಡಾಯವೊಂದನ್ನು ಮಾತ್ರ ಮಾಡಬೇಡಿ. ಅದು ಅವರ ಮನೆ, ವಾರ್ಡ್ ಅಲ್ಲ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭವಾದ ‘ಹೌಸಿಂಗ್ ಫಸ್ಟ್’ ಪದ್ಧತಿಯ ತಿರುಳೇ ಇದು: ಚಿಕಿತ್ಸೆಗೆ ಒಪ್ಪಿದರೆ ಮಾತ್ರ ಮನೆ ಎಂಬ ಷರತ್ತು ಇರಬಾರದು. ಚಿಕಿತ್ಸೆಗೇ ಇಲ್ಲದ ಷರತ್ತು ಚಿತ್ರಕಲೆಗೆ ಏಕೆ?

ನಿಮ್ಮ ಬೆಳಗಿನ ವ್ಯಾಯಾಮವನ್ನು ಮೊದಲು ಸಂಜೆಗೆ ಬದಲಿಸಿ. ರಾತ್ರಿ ತೆಗೆದುಕೊಂಡ ಮಾತ್ರೆಯ ಮಂಪರು ಅನೇಕರಿಗೆ ಬೆಳಿಗ್ಗೆ ಬಹಳ ಹೊತ್ತು ಇಳಿಯುವುದಿಲ್ಲ. ಅದನ್ನು ಸೋಮಾರಿತನ ಎಂದು ಕರೆಯುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಏನನ್ನೂ ಮಾಡಬೇಕೆನಿಸದಿರುವುದು ಕೂಡ ಸ್ಕಿಜೋಫ್ರೇನಿಯಾದ, ಖಿನ್ನತೆಯ ಲಕ್ಷಣವೇ. ಮನಸ್ಸಿನ ತೀವ್ರ ಏರಿಳಿತಕ್ಕೆ ಕೊಡುವ ಲಿಥಿಯಂ ಔಷಧ ತೆಗೆದುಕೊಳ್ಳುವವರನ್ನು ಉರಿಬಿಸಿಲಿನಲ್ಲಿ ನಡೆಸಬೇಡಿ. ಬೆವರಿ ಮೈಯ ನೀರಿನಂಶ ಕಡಿಮೆಯಾದರೆ ರಕ್ತದಲ್ಲಿ ಔಷಧದ ಮಟ್ಟ ಅಪಾಯಕಾರಿಯಾಗಿ ಏರಬಹುದು. ಕೆಲವರಿಗೆ ಔಷಧದಿಂದ ಕೈ ನಡುಗುತ್ತದೆ. ಅವರ ಮುಂದೆ ಸೂಜಿ, ಸಣ್ಣ ಮಣಿಗಳನ್ನು ಇಟ್ಟರೆ ಮರುದಿನ ಅವರು ಬರುವುದಿಲ್ಲ. ಯಾರಿಗೆ ಏನು ಆಗದು ಎಂಬುದನ್ನು ಅವರನ್ನೇ ಕೇಳಿ, ಅವರ ಒಪ್ಪಿಗೆ ಪಡೆದು ನರ್ಸ್ ಜೊತೆಯೂ ಮಾತನಾಡಿ.

ಇನ್ನೊಂದು ಮಾತು. ವಾರಕ್ಕೊಂದು ಹೊಸ ಕಾರ್ಯಕ್ರಮ ಹುಡುಕುತ್ತಾ ದಣಿಯಬೇಡಿ. ಒಂದೇ ದಿನ, ಒಂದೇ ಹೊತ್ತು, ಒಂದೇ ಕೋಣೆ. ಒಬ್ಬರೇ ಬಂದರೂ ನಡೆಸಿ. ಎಷ್ಟೋ ಸಲ ಕೈಬಿಡಲ್ಪಟ್ಟವರಿಗೆ ‘ಇದು ರದ್ದಾಗುವುದಿಲ್ಲ’ ಎಂಬ ನಂಬಿಕೆ ಹುಟ್ಟಲು ಕಾಲ ಬೇಕು. ಬಾಗಿಲು ತೆರೆದಿಡಿ. ಹೊರಗೆ ನಿಂತು ನೋಡಿ ಹೋಗುವವರೂ ಭಾಗವಹಿಸಿದಂತೆಯೇ.

ಅಂಥ ವಸತಿಯಲ್ಲಿ ವಾಸಿಸುವವರು: ನಾನು ನಿವಾಸಿ. ನಮಗೆ ಮಕ್ಕಳ ಬಣ್ಣದ ಪುಸ್ತಕ ಕೊಡಬೇಡಿ, ಮುಗಿಸಿದಾಗ ಚಪ್ಪಾಳೆ ತಟ್ಟಬೇಡಿ. ನಾನು ವೈರಿಂಗ್ ಕೆಲಸ ಬಲ್ಲವನು. ಅದನ್ನು ಕೇಳಿ ತಿಳಿದ ಸಂಯೋಜಕರೊಬ್ಬರು, ಕೆಟ್ಟ ಟೇಬಲ್ ಫ್ಯಾನನ್ನು ಬಿಚ್ಚಿ ತೋರಿಸುತ್ತೀರಾ ಎಂದರು. ಯಾವ ತರಗತಿಗೂ ಇಣುಕದ ನಾನು ಅಂದು ಕಲಿಸಲು ಹೋದೆ. ಏನು ಕಲಿಯುತ್ತೀರಿ ಎಂದು ಕೇಳುವ ಮೊದಲು ಏನು ಬರುತ್ತದೆ ಎಂದು ಕೇಳಿ. ಫೋಟೊ ತೆಗೆಯುವ ಮುನ್ನವಂತೂ ಕೇಳಲೇಬೇಕು.

ವಯಸ್ಕರಿಗೆ ಕಲಿಸುವ ಸ್ವಯಂಸೇವಕಿ: ಮೇಲಿನ ಮಾತಿಗೆ ಪೂರ್ತಿ ಸಹಮತ. 1948ರಿಂದ ನ್ಯೂಯಾರ್ಕ್‌ನಲ್ಲಿರುವ, ಮಾನಸಿಕ ಕಾಯಿಲೆ ಇರುವವರೇ ಸದಸ್ಯರಾಗಿರುವ ಫೌಂಟನ್ ಹೌಸ್ ಎಂಬ ಕೇಂದ್ರದಲ್ಲಿ ಸದಸ್ಯರೂ ಸಿಬ್ಬಂದಿಯೂ ಒಟ್ಟಾಗಿ ಅಡುಗೆಮನೆ, ಕಚೇರಿಗಳ ಕೆಲಸ ಮಾಡುತ್ತಾರೆ. ಆ ಮಾದರಿ ಅನೇಕ ದೇಶಗಳಿಗೆ ಹರಡಿದೆ.

ಕಂಪ್ಯೂಟರ್ ತರಗತಿ ಎಂಬ ಹೆಸರೇ ಹಲವರನ್ನು ಹೆದರಿಸುತ್ತದೆ. ಪಾಠಕ್ರಮವನ್ನು ಪಕ್ಕಕ್ಕಿಟ್ಟು ಅವರ ತುರ್ತಿನಿಂದ ಆರಂಭಿಸಿ: ಬ್ಯಾಂಕಿನಿಂದ ಬಂದ ಪತ್ರದಲ್ಲಿ ಏನಿದೆ, ಒಟಿಪಿ ಕೇಳಿ ಕರೆ ಬಂದರೆ ಏನು ಮಾಡಬೇಕು, ದೂರವಾದ ತಂಗಿಗೆ ಸಂದೇಶ ಕಳಿಸುವುದು ಹೇಗೆ. ಅರ್ಧ ಗಂಟೆ ಸಾಕು. ಗುಂಪಿನಲ್ಲಿ ಓದಲು ಹೇಳಬೇಡಿ, ಅಕ್ಷರ ಬಾರದಿರುವುದನ್ನು ಜೀವಮಾನವೆಲ್ಲ ಮುಚ್ಚಿಟ್ಟವರು ಅಲ್ಲಿರಬಹುದು.

ಮೊದಲು ಉತ್ತರಿಸಿದವರು ಮತ್ತೆ: ನಿಮ್ಮ ಮೇಲಧಿಕಾರಿಗಳ ವಿಷಯ ಬಿಟ್ಟುಹೋಗಿತ್ತು. ತಿಂಗಳ ವರದಿಯಲ್ಲಿ ತಲೆಯೆಣಿಕೆಯ ಪಕ್ಕದಲ್ಲೇ ಇನ್ನೊಂದು ಕಲಂ ಸೇರಿಸಿ: ಎಷ್ಟು ಮಂದಿ ಮೊದಲ ಸಲ ಕೋಣೆಯಿಂದ ಹೊರಬಂದರು, ಯಾವ ತರಗತಿಯನ್ನು ನಿವಾಸಿಗಳೇ ನಡೆಸಿದರು. ಹೆಸರು ಬರೆಯಬೇಡಿ. ಕಡ್ಡಾಯದ ಮಾತು ಮತ್ತೆ ಬಂದರೆ, ಆ ಸಭೆಗೆ ಇಬ್ಬರು ನಿವಾಸಿಗಳನ್ನೂ ಕರೆಯಬೇಕೆಂದು ಕೇಳಿ.